ಮಾರ್ಚ್ ಫಾರ್ ಲೈಫ್: ಹೋಗುವುದು ಹೇಗೆ, ಬಂದ ಮೇಲೆ ಮಾಡುವುದೇನು

ಪ್ರತಿ ವರ್ಷ ಜನವರಿ 22ರ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಶುಕ್ರವಾರದ ದಿನ, ವಾಷಿಂಗ್ಟನ್ ಡಿ.ಸಿ.ಯಲ್ಲಿ ಗರ್ಭಪಾತದ ವಿರುದ್ಧದ ಮೆರವಣಿಗೆ ಮಾರ್ಚ್ ಫಾರ್ ಲೈಫ್ ನಡೆಯುತ್ತದೆ. ಗರ್ಭಪಾತವನ್ನು ಇಡೀ ಅಮೆರಿಕದಲ್ಲಿ ಸಾಂವಿಧಾನಿಕ ಹಕ್ಕಾಗಿಸಿದ, ಸುಪ್ರೀಂ ಕೋರ್ಟಿನ ರೋ ವರ್ಸಸ್ ವೇಡ್ ತೀರ್ಪು ಬಂದದ್ದು 1973ರ ಜನವರಿ 22ರಂದು. ಅದಕ್ಕೆ ಸರಿಯಾಗಿ ವರ್ಷ ತುಂಬಿದ ದಿನ, 1974ರಲ್ಲಿ, ವಕೀಲೆ ನೆಲ್ಲಿ ಗ್ರೇ ಅವರ ಮುಂದಾಳತ್ವದಲ್ಲಿ ಮೊದಲ ಮೆರವಣಿಗೆ ಹೊರಟಿತು. ಅಂದಿನಿಂದ ನಿಂತಿಲ್ಲ. 2021ರಲ್ಲಿ ಕೋವಿಡ್ ಕಾರಣಕ್ಕೆ ಬಹುತೇಕ ಆನ್‌ಲೈನ್‌ನಲ್ಲೇ ನಡೆಯಿತು, ಅಷ್ಟೆ.

2022ರ ಜೂನ್ 24ರಂದು ಅದೇ ಕೋರ್ಟಿನ ಡಾಬ್ಸ್ ತೀರ್ಪು ಬಂದು ರೋ ತೀರ್ಪು ರದ್ದಾದಾಗ ಇನ್ನು ನಮ್ಮ ಕೆಲಸ ಮುಗಿಯಿತು ಎಂದುಕೊಂಡವರು ಬಹಳ ಮಂದಿ. ಆದರೆ ಡಾಬ್ಸ್ ತೀರ್ಪು ಗರ್ಭಪಾತವನ್ನು ನಿಷೇಧಿಸಲಿಲ್ಲ. ಅದನ್ನು ಜನರಿಗೂ ಅವರ ಪ್ರತಿನಿಧಿಗಳಿಗೂ ಬಿಟ್ಟಿತು. ಅದೇ ಆಗಸ್ಟ್‌ನಲ್ಲಿ ಕ್ಯಾನ್ಸಸ್ ಮತದಾರರು ತಮ್ಮ ರಾಜ್ಯ ಸಂವಿಧಾನಕ್ಕೆ ತರಲಿದ್ದ ಜೀವಪರ, ಅಂದರೆ ಗರ್ಭಪಾತ ವಿರೋಧಿ, ತಿದ್ದುಪಡಿಯನ್ನು ತಿರಸ್ಕರಿಸಿದರು. 2023ರ ನವೆಂಬರ್‌ನಲ್ಲಿ ಓಹಾಯೊ ರಾಜ್ಯ ಗರ್ಭಪಾತದ ಹಕ್ಕನ್ನು ತನ್ನ ಸಂವಿಧಾನಕ್ಕೇ ಸೇರಿಸಿಕೊಂಡಿತು. ಗರ್ಭಪಾತದ ಅಂಕಿಅಂಶ ಸಂಗ್ರಹಿಸುವ ಗಟ್‌ಮಾಕರ್ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಾದವು, ಅದರಲ್ಲಿ ಶೇ 63ರಷ್ಟು ಮಾತ್ರೆಗಳಿಂದ. ಹಲವು ವರ್ಷ ದುಡಿದವರ ಹುರುಪು ಕುಗ್ಗಿದ್ದು ಇಲ್ಲಿ. ಗೆದ್ದ ಮೇಲೂ ಸೋಲುತ್ತಿದ್ದೇವಲ್ಲ ಎಂಬ ದಣಿವು ಅದು.

ಆ ದಣಿವನ್ನು ಮೆರವಣಿಗೆ ಕಳೆಯುತ್ತದೆ, ಆದರೆ ತಾನಾಗಿ ಕಳೆಯುವುದಿಲ್ಲ. ಸಾವಿರಾರು ಜನರ ನಡುವೆ ನಡೆದಾಗ ಹುಟ್ಟುವ ಹುರುಪಿಗೆ ಆಯುಷ್ಯ ಕಡಿಮೆ. ಆ ಹುರುಪು ಯಾವ ಕೆಲಸಕ್ಕೆ ಎಂಬುದನ್ನು ಮನೆ ಬಿಡುವ ಮೊದಲೇ ಗೊತ್ತುಮಾಡಿಕೊಂಡವರಿಗೆ ಅದು ವರ್ಷವಿಡೀ ಉಳಿಯುತ್ತದೆ. ಉಳಿದವರಿಗೆ ಫೋಟೊಗಳಷ್ಟೇ ಉಳಿಯುತ್ತವೆ.

ನವೆಂಬರ್‌ನಲ್ಲೇ ಆಗಬೇಕಾದ್ದು

ಮೊದಲು ನಿಮ್ಮ ಊರಿನ ಒಂದು ಕೆಲಸ ಆರಿಸಿಕೊಳ್ಳಿ. ಬಸುರಿಯರಿಗೆ ನೆರವಾಗುವ ಹತ್ತಿರದ ಪ್ರೆಗ್ನೆನ್ಸಿ ಸೆಂಟರ್‌ಗೆ ಫೋನ್ ಮಾಡಿ, "ನಿಮಗೆ ಈಗ ಯಾವುದಕ್ಕೆ ಜನ ಕಡಿಮೆ ಇದ್ದಾರೆ?" ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಬಹಳ ಸಪ್ಪೆಯಾಗಿರುತ್ತದೆ: ಮಂಗಳವಾರ ಸಂಜೆ ಫೋನ್ ಎತ್ತುವವರು, ಸ್ಕ್ಯಾನಿಂಗ್‌ಗೆ ಕರೆದೊಯ್ಯಲು ಕಾರು ಇರುವವರು, ಬಂದ ಬಟ್ಟೆಗಳನ್ನು ಅಳತೆಯ ಪ್ರಕಾರ ವಿಂಗಡಿಸುವವರು. ಆ ಸಪ್ಪೆ ಉತ್ತರವನ್ನೇ ಬರೆದಿಟ್ಟುಕೊಳ್ಳಿ. ಮೆರವಣಿಗೆಯ ದಿನ ಅದು ನಿಮ್ಮ ಜೇಬಿನಲ್ಲಿರಬೇಕು.

ತಂಡವಾಗಿ ಹೊರಡುವುದಾದರೆ ಬಸ್ಸನ್ನು ಎರಡು ತಿಂಗಳ ಮುಂಚೆ ಗೊತ್ತುಮಾಡಿ. ಇಲ್ಲಿ ಬಹಳ ತಂಡಗಳು ಎಡವುವುದು ಡ್ರೈವರ್‌ನ ಗಂಟೆಗಳ ಲೆಕ್ಕದಲ್ಲಿ. ಅಮೆರಿಕದ ಫೆಡರಲ್ ನಿಯಮದಂತೆ ಪ್ರಯಾಣಿಕರ ಬಸ್ಸಿನ ಡ್ರೈವರ್ 10 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತೆ ಓಡಿಸಲು ಸತತ 8 ಗಂಟೆ ಬಿಡುವು ಬೇಕು. ಒಟ್ಟು ಕರ್ತವ್ಯದ ಅವಧಿ 15 ಗಂಟೆ ದಾಟಿದ ಮೇಲೂ ಓಡಿಸುವಂತಿಲ್ಲ. ನ್ಯೂಜೆರ್ಸಿಯ ಎಡಿಸನ್‌ನಿಂದ ಸುಮಾರು 200 ಮೈಲಿ, ನಾಲ್ಕು ಗಂಟೆಯ ದಾರಿ. ಬೆಳಿಗ್ಗೆ 5ಕ್ಕೆ ಹೊರಟು ರಾತ್ರಿ 9ಕ್ಕೆ ಮರಳುವುದೆಂದರೆ ಆಗಲೇ 16 ಗಂಟೆ. ಚಕ್ರದ ಹಿಂದೆ ಕೂತದ್ದು ಎಂಟೇ ಗಂಟೆಯಾದರೂ ಕರ್ತವ್ಯದ ಗಂಟೆ ಮೀರಬಹುದು. ಡಿ.ಸಿ.ಯಲ್ಲಿ ಬಸ್ಸು ನಿಂತಿರುವ ಹೊತ್ತನ್ನು ಡ್ರೈವರ್‌ನ ಬಿಡುವು ಎಂದು ಲೆಕ್ಕ ಹಾಕುತ್ತೀರೋ ಇಲ್ಲವೋ, ಎರಡನೇ ಡ್ರೈವರ್ ಬೇಕೋ ಎಂದು ಕಂಪನಿಯನ್ನು ಬರವಣಿಗೆಯಲ್ಲೇ ಕೇಳಿ. ಬಸ್ಸನ್ನು ಎಲ್ಲಿ ನಿಲ್ಲಿಸುತ್ತಾರೆ, ಮತ್ತೆ ಎಲ್ಲಿ ಹತ್ತಿಸಿಕೊಳ್ಳುತ್ತಾರೆ ಎಂಬುದನ್ನೂ ಆಗಲೇ ಕೇಳಿ. ಇಳಿದ ಜಾಗದಲ್ಲೇ ಹತ್ತುವುದು ಈ ಮೆರವಣಿಗೆಯಲ್ಲಿ ಅಪರೂಪ.

ಹಿಮದ ಯೋಚನೆಯೂ ಇರಲಿ. 2016ರ ಜನವರಿಯ ಹಿಮಬಿರುಗಾಳಿಯಲ್ಲಿ ಮೆರವಣಿಗೆ ಮುಗಿಸಿ ಮರಳುತ್ತಿದ್ದ ಹಲವು ಬಸ್ಸುಗಳು ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಸಿಕ್ಕಿಕೊಂಡವು. ವಿದ್ಯಾರ್ಥಿಗಳು ರಸ್ತೆಬದಿಯಲ್ಲಿ ಹಿಮದಿಂದಲೇ ಬಲಿಪೀಠ ಕಟ್ಟಿ ಪೂಜೆ ನಡೆಸಿದರು. ಕೇಳಲು ಚೆನ್ನಾಗಿದೆ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಅದರಿಂದ ಕಲಿಯಬೇಕಾದ್ದು ಬೇರೆ: ಪ್ರತಿಯೊಬ್ಬರಿಗೂ ಒಂದು ಇಡೀ ದಿನಕ್ಕಾಗುವಷ್ಟು ಹೆಚ್ಚುವರಿ ತಿಂಡಿ, ನೀರು, ಮಾತ್ರೆ, ಒಂದು ಕಂಬಳಿ ಬಸ್ಸಿನಲ್ಲೇ ಇರಬೇಕು. 18 ತುಂಬದ ಮಕ್ಕಳಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ, ಅಲರ್ಜಿ ಮತ್ತು ಔಷಧಿಯ ವಿವರ, ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು. ಹುಡುಗಿಯರ ಗುಂಪಿನ ಜೊತೆ ಹೆಂಗಸೊಬ್ಬರು ಇರಲೇಬೇಕು.

ವೀಸಾದ ಮೇಲೆ ಇರುವ ಕನ್ನಡಿಗರು, ಎಚ್-1ಬಿ ಇರಲಿ, ಎಫ್-1 ಇರಲಿ, ಶಾಂತವಾದ ಮೆರವಣಿಗೆಯಲ್ಲಿ ಭಾಗವಹಿಸಬಹುದು. 18 ತುಂಬಿದ ವಿದೇಶಿಯರು ನೋಂದಣಿಯ ಪುರಾವೆಯನ್ನು, ಅಂದರೆ ಗ್ರೀನ್ ಕಾರ್ಡ್ ಅಥವಾ ಐ-94ನಂಥ ದಾಖಲೆಯನ್ನು, ಸದಾ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ; ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಜೇಬಿನಲ್ಲಿಡಿ. ರಸ್ತೆ ತಡೆ, ಕುಳಿತು ಧರಣಿ, ಪೊಲೀಸರು ಚದುರಿ ಎಂದ ಮೇಲೂ ನಿಲ್ಲುವುದು, ಇಂಥದಕ್ಕೆ ಯಾರು ಕರೆದರೂ ಹೋಗಬೇಡಿ. ಬಂಧನವಾದರೆ ಪ್ರಕರಣ ಬಿದ್ದುಹೋದರೂ ವೀಸಾ ನವೀಕರಣದ ಅರ್ಜಿಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಚಳಿ ಬರುವುದು ಅಂಗಾಲಿನಿಂದ

ಜನವರಿಯ ವಾಷಿಂಗ್ಟನ್‌ನಲ್ಲಿ ಮಧ್ಯಾಹ್ನ 6–7 ಡಿಗ್ರಿ ಸೆಲ್ಸಿಯಸ್, ಬೆಳಗಿನ ಜಾವ ಸೊನ್ನೆಯ ಕೆಳಗೆ. ಗಾಳಿ ಎದ್ದರೆ ಇನ್ನೂ ಕೆಟ್ಟದು. ನಡೆಯುವಾಗ ಇದು ಕಷ್ಟವಲ್ಲ. ಕಷ್ಟವಾಗುವುದು ಅದಕ್ಕೆ ಮೊದಲಿನ ಎರಡು ಮೂರು ಗಂಟೆ, ಮೈದಾನದಲ್ಲಿ ನಿಂತು ಭಾಷಣ ಕೇಳುವಾಗ. ಹೆಪ್ಪುಗಟ್ಟಿದ ನೆಲ ಬೂಟಿನ ಅಡಿಯಿಂದ ಕಾಲಿನ ಬಿಸಿಯನ್ನೆಲ್ಲ ಹೀರುತ್ತದೆ. ಎಷ್ಟು ದಪ್ಪ ಜಾಕೆಟ್ ಹಾಕಿದ್ದರೂ ಹೆಬ್ಬೆರಳು ಜುಮ್ಮೆನ್ನಲು ಶುರುವಾದ ಮೇಲೆ ಮನಸ್ಸು ಭಾಷಣದಲ್ಲಿರುವುದಿಲ್ಲ. ಇದಕ್ಕೆ ದುಡ್ಡಿಲ್ಲದ ಪರಿಹಾರ ಒಂದಿದೆ: ಅಮೆಜಾನ್ ಪೆಟ್ಟಿಗೆಯ ರಟ್ಟನ್ನು ಎರಡು ಪದರವಾಗಿ ಮಡಚಿ ತಂದು ಅದರ ಮೇಲೆ ನಿಲ್ಲುವುದು. ನಡಿಗೆ ಶುರುವಾದಾಗ ಅದನ್ನು ಕಸದ ಡಬ್ಬಿಗೆ ಹಾಕಿದರಾಯಿತು.

ಮೈಗೆ ಮೂರು ಪದರ: ಒಳಗೆ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ಒಳಪದರಕ್ಕೆ ಹತ್ತಿ ಬೇಡ. ಬೆವರನ್ನು ಹಿಡಿದಿಟ್ಟುಕೊಂಡು, ನಡಿಗೆ ನಿಂತೊಡನೆ ಮೈ ಕೊರೆಯುವಂತೆ ಮಾಡುತ್ತದೆ. ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬೂಟು ಬಿಗಿಯಾದರೆ ರಕ್ತ ಓಡಾಡದೆ ಚಳಿ ಹೆಚ್ಚೇ ಆಗುತ್ತದೆ, ಒಂದೇ ದಪ್ಪ ಉಣ್ಣೆಯ ಜೊತೆ ಸಾಕು. ಇನ್ನೊಂದು ಒಣ ಜೊತೆ ಬ್ಯಾಗಿನಲ್ಲಿರಲಿ. ಸೀರೆ ಉಡಲೇಬೇಕೆನ್ನುವ ಹಿರಿಯರು ಒಳಗೆ ಥರ್ಮಲ್ ಪ್ಯಾಂಟ್ ಹಾಕಿ, ನೆರಿಗೆಯನ್ನು ಪಾದದಿಂದ ನಾಲ್ಕು ಬೆರಳು ಮೇಲೆ ಉಡಲಿ. ಕರಗಿದ ಹಿಮದಲ್ಲಿ ಸೆರಗೂ ನೆರಿಗೆಯೂ ಒದ್ದೆಯಾದರೆ ದಿನವಿಡೀ ಒಣಗುವುದಿಲ್ಲ. ಕಿವಿ ಮುಚ್ಚುವ ಟೋಪಿಗೆ ನಮ್ಮ ಮಂಕಿ ಟೋಪಿಯನ್ನು ಮೀರಿಸಿದ್ದು ಯಾವುದೂ ಇಲ್ಲ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅನ್ನು ಹೊರಜೇಬಿನಲ್ಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಗ್ಲೂಕೋಮೀಟರ್ ಕೂಡ ಚಳಿಯಲ್ಲಿ ತಪ್ಪು ತೋರಿಸುತ್ತದೆ, ಅಥವಾ ಕೆಲಸವನ್ನೇ ಮಾಡುವುದಿಲ್ಲ. ಎರಡನ್ನೂ ಫೋನ್‌ನ ಜೊತೆಗೆ ಎದೆಯ ಒಳಜೇಬಿನಲ್ಲಿಡಿ. ಊಟಕ್ಕೆ ಕೈಗವಸು ತೆಗೆಯದೆ ಒಂದೇ ಕೈಯಲ್ಲಿ ತಿನ್ನುವಂಥದ್ದು ಬೇಕು: ಪಲ್ಯ ಸುತ್ತಿದ ಚಪಾತಿ ಸುರುಳಿ, ಕಡಲೆ ಚಿಕ್ಕಿ, ಖರ್ಜೂರ. ಚಿತ್ರಾನ್ನದ ಡಬ್ಬಿ ಬಸ್ಸಿಗೆ ಸರಿ, ಮೈದಾನಕ್ಕಲ್ಲ.

ಫಲಕ

ಅಂಗಡಿಯಲ್ಲಿ ಸಿಗುವ ಪೋಸ್ಟರ್ ರಟ್ಟು 22×28 ಇಂಚಿನದು. ಗಾಳಿ ಇದ್ದರೆ ಅದು ಕೈಯಲ್ಲಿ ನಿಲ್ಲುವುದಿಲ್ಲ. ಅರ್ಧಕ್ಕೆ ಕತ್ತರಿಸಿ 14×22 ಮಾಡಿಕೊಳ್ಳಿ. ಒಂದು ಇಂಚು ಎತ್ತರದ ಅಕ್ಷರ ಹತ್ತು ಅಡಿ ದೂರಕ್ಕೆ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಆದ್ದರಿಂದ ಮೂವತ್ತು ಅಡಿಗೆ ಮೂರು ಇಂಚು ಬೇಕು. ಅಂದರೆ ಏಳು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಮೊದಲು ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಆಮೇಲೆ ಮಾರ್ಕರ್. ಮಳೆ ಹಿಮದ ಸೂಚನೆಯಿದ್ದರೆ ಪೂರ್ತಿ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ. ಕೋಲು ಬೇಡವೇ ಬೇಡ. ಮರದ, ಲೋಹದ ಕೋಲುಗಳನ್ನು ತಪಾಸಣೆಯಲ್ಲಿ ಕಸಿದುಕೊಳ್ಳುವ ಸಾಧ್ಯತೆ ಹೆಚ್ಚು, ಜನಜಂಗುಳಿಯಲ್ಲಿ ಹಿಂದಿನವರ ಕಣ್ಣಿಗೂ ಅಪಾಯ. ಎರಡು ರಟ್ಟನ್ನು ಬೆನ್ನಿಗೆ ಬೆನ್ನು ಅಂಟಿಸಿ, ನಡುವೆ ಕೈ ತೂರಿಸುವಷ್ಟು ಬಟ್ಟೆಯ ಪಟ್ಟಿ ಸೇರಿಸಿದರೆ ಹಿಡಿಯುವುದು ಸುಲಭ, ಎರಡೂ ಕಡೆ ಓದಿಸಿಕೊಳ್ಳುತ್ತದೆ.

ಒಂದು ಬದಿ ಇಂಗ್ಲಿಷ್ ಇರಲಿ, ಇನ್ನೊಂದು ಬದಿ ಕನ್ನಡ ಇರಲಿ. "ಹೆಣ್ಣು ಮಗುವಿಗೂ ಹುಟ್ಟುವ ಹಕ್ಕಿದೆ" ಎಂಬ ಫಲಕ ಕಂಡರೆ ಜನಸಾಗರದಲ್ಲಿ ಎಲ್ಲೋ ಇರುವ ಇನ್ನೊಬ್ಬ ಕನ್ನಡಿಗರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಏನು ಬರೆಯಬಾರದು ಎಂಬುದೂ ಅಷ್ಟೇ ಮುಖ್ಯ. ಕೊಲೆಗಾತಿ ಎಂಬರ್ಥದ ಯಾವ ಪದವೂ ಬೇಡ. ಈ ಮೆರವಣಿಗೆಯಲ್ಲೇ ಗರ್ಭಪಾತ ಮಾಡಿಸಿಕೊಂಡು ಮುಂದೆ ಕೊರಗಿದ ತಾಯಂದಿರು ನಡೆಯುತ್ತಿರುತ್ತಾರೆ; ಸೈಲೆಂಟ್ ನೋ ಮೋರ್ ಅಭಿಯಾನದ ಹೆಂಗಸರು ಸುಪ್ರೀಂ ಕೋರ್ಟಿನ ಮುಂದೆ ನಿಂತು ತಮ್ಮ ಕತೆಯನ್ನು ತಾವೇ ಹೇಳುತ್ತಾರೆ. ಹಾಗೆಯೇ, ಗರ್ಭಪಾತದಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಹಳೆಯ ಕರಪತ್ರ ಈಗಲೂ ಕೈಯಿಂದ ಕೈಗೆ ಓಡಾಡುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ಸೇರಿಸಿದ ತಜ್ಞರ ಸಭೆ ಅಂಥ ಸಂಬಂಧ ಇಲ್ಲವೆಂದಿತು. ಅದನ್ನು ಹಂಚಬೇಡಿ. ಹುಟ್ಟಲಿರುವ ಮಗು ಮನುಷ್ಯಜೀವ ಎಂಬುದು ನಮ್ಮ ಮಾತು. ಅದಕ್ಕೆ ಸುಳ್ಳಿನ ಆಸರೆ ಬೇಕಿಲ್ಲ, ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ನಿಜವನ್ನೂ ಯಾರೂ ನಂಬುವುದಿಲ್ಲ.

ಗುರುವಾರ ಬರಲು ಸಾಧ್ಯವಾದರೆ

ಬನ್ನಿ. ಎರಡು ಕಾರಣಗಳಿವೆ.

ಒಂದು, ಸಂಸದರ ಕಚೇರಿ. ಶುಕ್ರವಾರ ಬಹುಪಾಲು ಸದಸ್ಯರು ತಮ್ಮ ಊರಿಗೆ ಹೊರಟಿರುತ್ತಾರೆ. ಮೂರು ನಾಲ್ಕು ವಾರ ಮೊದಲೇ ನಿಮ್ಮ ಸದಸ್ಯರ ಜಾಲತಾಣದಲ್ಲಿ ಭೇಟಿಗೆ ಕೋರಿಕೆ ಹಾಕಿ. ಸಂಸತ್ ಭವನವಾದ ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ 202-224-3121 ಯಾವ ಕಚೇರಿಗೆ ಬೇಕಾದರೂ ಜೋಡಿಸಿಕೊಡುತ್ತದೆ. ಕೆಳಮನೆಯಾದ ಹೌಸ್‌ನ ಸದಸ್ಯರು ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಕಟ್ಟಡಗಳಲ್ಲಿ. ಮೇಲ್ಮನೆಯ ಸೆನೆಟರ್‌ಗಳು ರಸೆಲ್, ಡರ್ಕ್‌ಸನ್, ಹಾರ್ಟ್ ಕಟ್ಟಡಗಳಲ್ಲಿ. ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ, ಅದೂ ಬಹಳ ಸಲ ಇಪ್ಪತ್ತೈದರ ಹರೆಯದ ಸಹಾಯಕರ ಜೊತೆ. ಬೇಸರ ಬೇಡ, ಟಿಪ್ಪಣಿ ಬರೆದು ಸದಸ್ಯರ ಮೇಜಿಗೆ ಒಯ್ಯುವವರು ಅವರೇ. ಮೂರೇ ಜನ ಹೋಗಿ, ಒಂದೇ ವಿಷಯ ಕೇಳಿ, ಒಂದು ಪುಟದ ಕಾಗದ ಬಿಟ್ಟುಬನ್ನಿ. ಗರ್ಭಪಾತಕ್ಕೆ ಸರಕಾರಿ ಹಣ ಬೇಡವೆಂಬ 1976ರ ಹೈಡ್ ತಿದ್ದುಪಡಿ ಪ್ರತಿ ವರ್ಷದ ಹಣಕಾಸು ಮಸೂದೆಯಲ್ಲಿ ಹೊಸದಾಗಿ ಸೇರಬೇಕು, ಆದ್ದರಿಂದ ಅದು ಪ್ರತಿ ವರ್ಷವೂ ಕೇಳಬಹುದಾದ ವಿಷಯ. ಫಲಕ, ಘೋಷಣೆ ಈ ಕಟ್ಟಡಗಳ ಒಳಗೆ ಬೇಡ. ಒಳಗೆ ಪ್ರತಿಭಟನೆ ಮಾಡುವುದು ಅಪರಾಧ.

ಎರಡು, ಸಂಜೆಯ ಜಾಗರಣೆ. ಬೆಸಿಲಿಕಾ ಆಫ್ ದಿ ನ್ಯಾಷನಲ್ ಶ್ರೈನ್ ಎಂಬ ದೊಡ್ಡ ಕ್ಯಾಥೊಲಿಕ್ ಚರ್ಚಿನಲ್ಲಿ ಮೆರವಣಿಗೆಯ ಹಿಂದಿನ ಸಂಜೆ ಬಲಿಪೂಜೆ, ಪ್ರಾರ್ಥನೆ ನಡೆಯುತ್ತದೆ. ಮೆಟ್ರೊ ರೆಡ್ ಲೈನ್‌ನ ಬ್ರೂಕ್‌ಲ್ಯಾಂಡ್ ನಿಲ್ದಾಣದಿಂದ ನಡೆದೇ ಹೋಗಬಹುದು. ಕೂರಲು ಜಾಗ ಬೇಕಿದ್ದರೆ ಎರಡು ಗಂಟೆ ಮೊದಲೇ ಹೋಗಿ. ಅಲ್ಲಿ ವೇಲಾಂಕಣಿ ಮಾತೆಯ ಪ್ರಾರ್ಥನಾಲಯವೂ ಇದೆ, 1997ರಲ್ಲಿ ಪ್ರತಿಷ್ಠಾಪಿಸಿದ್ದು. ಮಂಗಳೂರು, ಬೆಂಗಳೂರು ಕಡೆಯ ಕ್ರೈಸ್ತರಿಗೆ ತಟ್ಟನೆ ತವರು ಸಿಕ್ಕಂತಾಗುತ್ತದೆ. ಕ್ರೈಸ್ತರಲ್ಲದವರು ಶುಕ್ರವಾರವಷ್ಟೇ ಬಂದರೂ ಏನೂ ತಪ್ಪಿಸಿಕೊಂಡಂತಲ್ಲ.

ಶುಕ್ರವಾರ

ಈಚಿನ ವರ್ಷಗಳಲ್ಲಿ ಹನ್ನೊಂದರ ಹೊತ್ತಿಗೆ ಸಂಗೀತ, ಹನ್ನೆರಡಕ್ಕೆ ಸಭೆ, ಒಂದು ಗಂಟೆಗೆ ನಡಿಗೆ. ಸಭೆ ನಡೆಯುವುದು ನ್ಯಾಷನಲ್ ಮಾಲ್ ಎಂಬ ಉದ್ದನೆಯ ಬಯಲಿನಲ್ಲಿ, ಹಲವು ವರ್ಷ 12ನೇ ರಸ್ತೆಯ ಬಳಿ ನಡೆದಿದೆ. ಅದರ ಎದುರಿಗೇ ಇರುವ ಸ್ಮಿತ್‌ಸೋನಿಯನ್ ಮೆಟ್ರೊ ನಿಲ್ದಾಣಕ್ಕೆ ಎಲ್ಲರೂ ನುಗ್ಗುತ್ತಾರೆ, ಎಸ್ಕಲೇಟರ್‌ನಲ್ಲೇ ಕಾಲು ಗಂಟೆ ಹೋಗುತ್ತದೆ. ಫೆಡರಲ್ ಟ್ರಯಾಂಗಲ್ ಅಥವಾ ಲಾಂಫಾಂಟ್ ಪ್ಲಾಜಾದಲ್ಲಿ ಇಳಿದು ಹತ್ತು ನಿಮಿಷ ನಡೆಯಿರಿ. ಸ್ಮಾರ್‌ಟ್ರಿಪ್ ಎಂಬ ಮೆಟ್ರೊ ಕಾರ್ಡ್ ಅಥವಾ ತಾಗಿಸಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಒಬ್ಬರಿಗೆ ಒಂದರಂತೆ ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಒಳಹೋಗಲಾಗದು. ಸ್ಮಾರ್‌ಟ್ರಿಪ್ ಆದರೆ ಹೋಗಿ ಬರುವಷ್ಟು ದುಡ್ಡನ್ನು ಹಿಂದಿನ ರಾತ್ರಿಯೇ ತುಂಬಿಸಿ.

ರಾಷ್ಟ್ರಾಧ್ಯಕ್ಷರೋ ಉಪಾಧ್ಯಕ್ಷರೋ ಬರುವ ವರ್ಷ ಲೆಕ್ಕಾಚಾರವೇ ಬೇರೆ. 2020ರಲ್ಲಿ ಟ್ರಂಪ್ ಬಂದರು, ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ಖುದ್ದಾಗಿ ಬಂದದ್ದು ಅದೇ ಮೊದಲು. 2025ರಲ್ಲಿ ಉಪಾಧ್ಯಕ್ಷ ವ್ಯಾನ್ಸ್ ಬಂದರು. ಆಗ ವೇದಿಕೆಯ ಮುಂದಿನ ಜಾಗಕ್ಕೆ ಸೀಕ್ರೆಟ್ ಸರ್ವಿಸ್ ತಪಾಸಣೆ ಇರುತ್ತದೆ. ಥರ್ಮಸ್, ಕೊಡೆ, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ. ಮಕ್ಕಳಿದ್ದರೆ ಆ ಆವರಣದ ಆಸೆ ಬಿಟ್ಟು ಹೊರಗೆ, ದೊಡ್ಡ ಪರದೆ ಕಾಣುವಲ್ಲಿ ನಿಲ್ಲುವುದೇ ಮೇಲು.

ಶೌಚಾಲಯಕ್ಕೆ ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಬದಿಯ ಅಮೆರಿಕನ್ ಇತಿಹಾಸ ಮ್ಯೂಸಿಯಂ ಅನುಕೂಲ, ಹತ್ತಕ್ಕೆ ತೆರೆಯುತ್ತದೆ. ಬಾಗಿಲಲ್ಲೇ ತಪಾಸಣೆ ಇದೆ, ಫಲಕವನ್ನು ಜೊತೆಯವರಿಗೆ ಕೊಟ್ಟು ಹೋಗಿ. ನಡಿಗೆ ಶುರುವಾಗುವ ಅರ್ಧ ಗಂಟೆ ಮೊದಲು ಅಲ್ಲಿ ಕಾಲಿಡಲೂ ಆಗುವುದಿಲ್ಲ, ಹನ್ನೊಂದರೊಳಗೆ ಮುಗಿಸಿಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ತಪ್ಪಿಸಿಕೊಂಡವರು ಸೇರುವ ಜಾಗವನ್ನು ಬಸ್ಸಿನಲ್ಲೇ ಗೊತ್ತುಮಾಡಿ: ಕೊನೆಯಲ್ಲಾದರೆ ಯೂನಿಯನ್ ಸ್ಟೇಷನ್ ರೈಲು ನಿಲ್ದಾಣದ ಆಮ್‌ಟ್ರ್ಯಾಕ್ ಟಿಕೆಟ್ ಕೌಂಟರ್ ಮುಂದೆ, ಇಂಥ ಗಂಟೆಗೆ ಎಂದು. ಚಿಕ್ಕ ಮಕ್ಕಳ ತೋಳಿನ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಚೀಟಿ ಕಳೆದುಹೋಗುತ್ತದೆ, ತೋಳು ಹೋಗುವುದಿಲ್ಲ.

ನಡಿಗೆ ಒಟ್ಟು ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು, ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಉದ್ದಕ್ಕೂ ಪೂರ್ವಕ್ಕೆ. ದಾರಿಬದಿಯಲ್ಲಿ ಕೆಲವು ಗುಂಪುಗಳು ಭ್ರೂಣದ ರಕ್ತಮಯ ಚಿತ್ರಗಳನ್ನು ಆಳೆತ್ತರಕ್ಕೆ ನಿಲ್ಲಿಸಿರುತ್ತವೆ. ಮಕ್ಕಳಿಗೆ ಮೊದಲೇ ಹೇಳಿ, ಆ ಕಡೆ ಬಂದಾಗ ರಸ್ತೆಯ ಇನ್ನೊಂದು ಬದಿಗೆ ಸರಿಯಿರಿ. ಎದುರಾಳಿಗಳು ಕೂಗಿದರೆ ಉತ್ತರ ಕೊಡುವ ಅಗತ್ಯ ಇಲ್ಲ. ಕ್ಯಾಮೆರಾ ಕಾಯುತ್ತಿರುವುದೇ ಆ ಜಗಳಕ್ಕೆ.

ಕ್ಯಾಪಿಟಲ್ ಗುಡ್ಡದ ಬುಡಕ್ಕೆ ಬಂದಾಗ ರಸ್ತೆ ಏರುತ್ತದೆ, ನಡಿಗೆ ನಿಧಾನವಾಗುತ್ತದೆ. ಸ್ಟ್ರಾಲರ್ ತಳ್ಳುವವರೂ ಹಿರಿಯರೂ ಸುಸ್ತಾಗುವುದು ಇಲ್ಲೇ. ಅಂಚಿಗೆ ಬಂದು ಎರಡು ನಿಮಿಷ ನಿಂತು, ಹಿಂತಿರುಗಿ ನೋಡಿ. ಅಲ್ಲಿಯವರೆಗೆ ಕಂಡದ್ದು ಮುಂದಿನವರ ಬೆನ್ನು ಮಾತ್ರ. ಏರಿನಿಂದ ನೋಡಿದರೆ ರಸ್ತೆಯ ಆ ತುದಿಯವರೆಗೂ ಜನ: ಒಂದೇ ಬಣ್ಣದ ಟೋಪಿ ಹಾಕಿದ ಹೈಸ್ಕೂಲು ಮಕ್ಕಳ ಸಾಲು, ಗಿಟಾರು ಹಿಡಿದ ಸನ್ಯಾಸಿನಿಯರು, ಅಪ್ಪನ ಹೆಗಲ ಮೇಲೆ ನಿದ್ದೆ ಹೋದ ಕೂಸು, ಗಾಲಿಕುರ್ಚಿಯಲ್ಲಿ ಬಂದ ಅಜ್ಜಿ. ಊರಿನಲ್ಲಿ ನಾಲ್ಕೇ ಜನರ ಸಭೆ ನಡೆಸಿ ಬೇಸತ್ತವರಿಗೆ ಬೇಕಾದ್ದು ಈ ನೋಟ. ಫೋನ್ ತೆಗೆಯುವ ಮೊದಲು ಒಂದು ನಿಮಿಷ ಬರಿಗಣ್ಣಿನಲ್ಲಿ ನೋಡಿ.

ಸುಪ್ರೀಂ ಕೋರ್ಟಿನ ಅಮೃತಶಿಲೆಯ ಜಗಲಿ, ಮೆಟ್ಟಿಲುಗಳ ಮೇಲೆ ಪ್ರದರ್ಶನ ನಿಷಿದ್ಧ. ಮುಂದಿನ ಕಾಲುದಾರಿಯಲ್ಲಿ ನಿಲ್ಲಬಹುದು. ಮರಳಲು ಯೂನಿಯನ್ ಸ್ಟೇಷನ್ ತುಂಬಿದ್ದರೆ ಜುಡಿಶಿಯರಿ ಸ್ಕ್ವೇರ್‌ವರೆಗೆ ನಡೆಯಿರಿ, ಅದೂ ರೆಡ್ ಲೈನ್. ಬ್ಲೂ, ಆರೆಂಜ್, ಸಿಲ್ವರ್ ಬೇಕಾದವರಿಗೆ ಕ್ಯಾಪಿಟಲ್ ಸೌತ್. ಶನಿವಾರವೂ ಉಳಿಯುವ ವಿದ್ಯಾರ್ಥಿಗಳು ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಕಾರ್ಡಿನಲ್ ಓ'ಕಾನರ್ ಸಮ್ಮೇಳನದ ದಿನಾಂಕ ನೋಡಿಕೊಳ್ಳಲಿ. ಅದನ್ನು ನಡೆಸುವವರೂ ವಿದ್ಯಾರ್ಥಿಗಳೇ.

ಬಸ್ಸಿನಲ್ಲಿ ಕೊಡುವ ಕಾರ್ಡು

ಮರಳುವ ಬಸ್ಸು ಹೊರಟ ಮೊದಲ ಅರ್ಧ ಗಂಟೆಯಲ್ಲಿ, ಎಲ್ಲರೂ ನಿದ್ದೆಗೆ ಜಾರುವ ಮೊದಲು, ಒಂದೊಂದು ಕಾರ್ಡು ಮತ್ತು ಪೆನ್ನು ಕೊಡಿ. ಮೂರೇ ಸಾಲು: ಯಾವ ಕೆಲಸ, ಯಾರ ಜೊತೆ, ಮೊದಲ ದಿನ ಯಾವುದು. "ಇನ್ನು ಮುಂದೆ ಹೆಚ್ಚು ತೊಡಗಿಕೊಳ್ಳುತ್ತೇನೆ" ಎಂದು ಬರೆದ ಕಾರ್ಡನ್ನು ವಾಪಸ್ ಕೊಡಿ, ಅದು ಹಾರೈಕೆ. "ಫೆಬ್ರವರಿ ಮೊದಲ ಮಂಗಳವಾರ ಸಂಜೆ 6ರಿಂದ 8, ಸೆಂಟರ್‌ನಲ್ಲಿ ಬಟ್ಟೆ ವಿಂಗಡಣೆ, ಪಕ್ಕದ ಸೀಟಿನವರ ಜೊತೆ" ಎಂದಿದ್ದರೆ ಅದು ಕೆಲಸ. ಕಾರ್ಡುಗಳ ಫೋಟೊ ಒಬ್ಬರ ಬಳಿ ಇರಲಿ, ಸೋಮವಾರ ಅವರೇ ಎಲ್ಲರಿಗೂ ಫೋನ್ ಮಾಡಲಿ. ಮೂರು ದಿನ ದಾಟಿದರೆ ಆಫೀಸು, ಮಕ್ಕಳ ಶಾಲೆ, ಬಿಲ್ಲುಗಳು ಮತ್ತೆ ಆವರಿಸುತ್ತವೆ. ಮೂವತ್ತನೇ ದಿನ ಎಲ್ಲರೂ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿ. ಕಾರ್ಡಿನ ಕೆಲಸ ಆಗದವರನ್ನು ಬೈಯಬೇಡಿ, ಕೆಲಸ ಚಿಕ್ಕದು ಮಾಡಿಕೊಡಿ.

ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಮೆರವಣಿಗೆಯ ಬಿಸಿಯಲ್ಲಿ ಹತ್ತು ಗಂಟೆ ಒಪ್ಪಿಕೊಂಡವರು ಈಸ್ಟರ್ ಹೊತ್ತಿಗೆ ಕಾಣೆಯಾಗುತ್ತಾರೆ, ಸೆಂಟರಿನವರು ಅವರನ್ನು ನಂಬಿ ಹಾಕಿದ ವೇಳಾಪಟ್ಟಿ ಕುಸಿಯುತ್ತದೆ. ಇಬ್ಬಿಬ್ಬರಾಗಿ ಹೋಗಿ. ಒಬ್ಬರಿಗೆ ಬೇಸರವಾದ ದಿನ ಇನ್ನೊಬ್ಬರು ಮನೆ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಾರೆ.

ಕೊಡುಗೆ ಸಂಗ್ರಹಿಸುವುದಾದರೆ ಕೆಲವು ಸೂಕ್ಷ್ಮ ಇವೆ. ಹಸುಗೂಸಿಗೆ ದಿನಕ್ಕೆ 8ರಿಂದ 12 ಡಯಾಪರ್ ಬೇಕು, ಅಂದರೆ ತಿಂಗಳಿಗೆ ಸುಮಾರು 300. ಜನ ಪ್ರೀತಿಯಿಂದ ತರುವುದು ಪುಟಾಣಿ ಸೈಜ್ 1, ಕೊರತೆ ಬೀಳುವುದು 4, 5, 6. ಹಳೆಯ ಕಾರ್ ಸೀಟ್ ತೆಗೆದುಕೊಳ್ಳಬೇಡಿ: ಅದಕ್ಕೆ ಮುಗಿಯುವ ದಿನಾಂಕವಿದೆ, ಅಪಘಾತ ಕಂಡಿದೆಯೋ ಇಲ್ಲವೋ ಹೊರನೋಟಕ್ಕೆ ತಿಳಿಯದು. ಹೊಸ ಕಾರ್ ಸೀಟ್ ಒಂದು ಕೊಡಿ. ಹೆರಿಗೆಯಾಗಿ ಮಗುವನ್ನು ಕಾರಿನಲ್ಲಿ ಮನೆಗೆ ಕರೆತರುವಾಗ ಅದಿಲ್ಲದೆ ಆಗುವುದಿಲ್ಲ. ಬೇಬಿ ಫಾರ್ಮುಲಾ ತೆರೆಯದ ಡಬ್ಬಿಯಾಗಿರಬೇಕು, ದಿನಾಂಕ ಮುಗಿದಿರಬಾರದು.

ಸಹಾಯಕ್ಕೆ ಬಂದ ಹೆಣ್ಣುಮಗಳ ಜೊತೆ ಮಾತಾಡುವವರು ತರಬೇತಿ ಪಡೆದೇ ಕೂರಬೇಕು. ಅವಳ ಮಾತಿನ ನಡುವೆ ಬಾಯಿ ಹಾಕಬೇಡಿ. ಬಹಳ ಸಲ ಅವಳ ಭಯ ಮಗುವಿನದಲ್ಲ: ಬಾಡಿಗೆ, ಕೆಲಸ ಹೋಗುವ ಆತಂಕ, ಮನೆಯಲ್ಲಿ ಹೊಡೆಯುವ ಗಂಡ. ಬಸುರಿಗೆ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ಅರ್ಜಿ, ತಾಯಿ ಮಕ್ಕಳ ಆಹಾರಕ್ಕೆ ವಿಕ್ ಯೋಜನೆಯ ಅರ್ಜಿ, ಎರಡನ್ನೂ ಜೊತೆಗೆ ಕೂತು ತುಂಬಿಸಿ. "ಅರ್ಜಿ ಹಾಕಿ" ಎಂದು ಹೇಳಿ ಕಳಿಸಿದರೆ ಅರ್ಧಕ್ಕರ್ಧ ಜನ ದಾರಿಯಲ್ಲೇ ಕೈಬಿಡುತ್ತಾರೆ. ಹೊಡೆತ ಇದ್ದರೆ ಮೊದಲು ಅವಳ ಸುರಕ್ಷತೆ, ಆಮೇಲೆ ಮಿಕ್ಕಿದ್ದು. ರಕ್ತಸ್ರಾವ ಅಥವಾ ತೀವ್ರ ಹೊಟ್ಟೆನೋವು ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಡನಾಳದಲ್ಲಿ ನಿಂತ ಬಸಿರು ತಾಯಿಯ ಪ್ರಾಣ ತೆಗೆಯಬಹುದು. ಅದರ ಚಿಕಿತ್ಸೆಯನ್ನು ಯಾರೂ ತಡೆಯಬಾರದು.

ಗರ್ಭಪಾತದ ಕ್ಲಿನಿಕ್ ಮುಂದೆ ಪ್ರಾರ್ಥನೆಗೆ ನಿಲ್ಲುವವರಿಗೆ 40 ಡೇಸ್ ಫಾರ್ ಲೈಫ್ ಅಭಿಯಾನ ಒಂದು ಸಿದ್ಧ ಚೌಕಟ್ಟು ಕೊಡುತ್ತದೆ. 2004ರಲ್ಲಿ ಟೆಕ್ಸಸ್‌ನಲ್ಲಿ ಶುರುವಾದ ಇದು ವರ್ಷಕ್ಕೆ ಎರಡು ಸಲ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮತ್ತು ಶರತ್ಕಾಲದಲ್ಲಿ ನಡೆಯುತ್ತದೆ. ಕಾನೂನು ತಿಳಿದುಕೊಂಡೇ ನಿಲ್ಲಿ. 1994ರ ಫೇಸ್ ಕಾಯ್ದೆಯ ಪ್ರಕಾರ ಕ್ಲಿನಿಕ್ ಬಾಗಿಲಿಗೆ ಅಡ್ಡ ನಿಲ್ಲುವುದು, ಬೆದರಿಸುವುದು ಅಪರಾಧ. ಮ್ಯಾಸಚುಸೆಟ್ಸ್‌ನ 35 ಅಡಿ ನಿಷೇಧ ವಲಯವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತಾದರೂ ಊರಿಂದೂರಿಗೆ ನಿಯಮ ಬೇರೆ. ಕೂಗಾಡುವವರನ್ನು ಆ ಸಾಲಿನಲ್ಲಿ ನಿಲ್ಲಿಸಲೇಬೇಡಿ.

ಎಷ್ಟು ಮಕ್ಕಳನ್ನು ಉಳಿಸಿದೆವು ಎಂಬ ಲೆಕ್ಕ ಇಡುವ ತಂಡಗಳು ಬೇಗ ಬಳಲಿ ಬೀಳುತ್ತವೆ ಎಂಬುದು ನಮ್ಮ ದೃಢ ಅಭಿಪ್ರಾಯ. ಆ ಸಂಖ್ಯೆ ಏರಬೇಕೆಂಬ ಆಸೆ ಹೆಣ್ಣುಮಗಳ ಮೇಲೆ ಒತ್ತಡವಾಗುತ್ತದೆ. ಇಳಿದಾಗ ಕಾರ್ಯಕರ್ತರಿಗೆ ಸೋಲೆನಿಸುತ್ತದೆ. ಅದರ ಬದಲು ಎಷ್ಟು ಸಲ ಆಸ್ಪತ್ರೆಗೆ ಕರೆದೊಯ್ದೆವು, ಎಷ್ಟು ಮನೆಗೆ ಡಯಾಪರ್ ತಲುಪಿತು ಎಂದು ಬರೆದಿಡಿ. ಅದು ನಿಮ್ಮ ಕೈಯಲ್ಲಿರುವ ಕೆಲಸ. ತಾಯಂದಿರ ಮೇಲೇ ಸಿಡುಕು ಬರಲು ಶುರುವಾದರೆ, ರಾತ್ರಿಯಿಡೀ ಫೋನ್‌ನಲ್ಲಿ ವಾದ ಮಾಡುತ್ತ ಕೂತರೆ, ಮೂರು ತಿಂಗಳು ಬಿಡುವು ತೆಗೆದುಕೊಂಡು ಸ್ಥಳ ಬಿಟ್ಟುಕೊಡಿ. ಗರ್ಭಪಾತದ ನೋವು ಹೊತ್ತವರು ತಂಡದಲ್ಲೇ ಇದ್ದರೆ, 1984ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಪ್ರಾಜೆಕ್ಟ್ ರೇಚಲ್‌ನಂಥ ಆಪ್ತಸಮಾಲೋಚನೆ ಅನೇಕ ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಲ್ಲಿದೆ.

ಊರಿನಲ್ಲಿರುವವರಿಗೆ

ಭಾರತದಲ್ಲಿ ಈ ನಡಿಗೆಯ ದಿನ ಆಗಸ್ಟ್ 10, ಏಕೆಂದರೆ ಗರ್ಭಪಾತಕ್ಕೆ ಅವಕಾಶ ಕೊಟ್ಟ ಎಂ.ಟಿ.ಪಿ. ಕಾಯ್ದೆಯ ತಾರೀಕು 1971ರ ಆಗಸ್ಟ್ 10. ರಾಷ್ಟ್ರಮಟ್ಟದ ಮೊದಲ ಮೆರವಣಿಗೆ 2022ರಲ್ಲಿ ದೆಹಲಿಯಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಪ್ರತಿಭಟನಾ ಸಭೆಗೆ ಜಾಗ ಫ್ರೀಡಂ ಪಾರ್ಕ್ ಒಂದೇ, 2021ರ ಆದೇಶದಂತೆ. ಪೊಲೀಸರ ಅನುಮತಿ ಕೈಗೆ ಬಂದ ಮೇಲೆಯೇ ಕರಪತ್ರ ಅಚ್ಚು ಹಾಕಿಸಿ.

ಆದರೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ತುರ್ತಾದ ಕೆಲಸ ಹೆಣ್ಣು ಭ್ರೂಣ ಹತ್ಯೆಯ ವಿರುದ್ಧ. 2023ರಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲದಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಲಿಂಗ ಪತ್ತೆ 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯ್ದೆಯಡಿ ಅಪರಾಧ, ದೂರು ಕೊಡಬೇಕಾದ್ದು ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ. ದೂರಿನಲ್ಲಿ ಜಾಗ, ದಿನ, ಹೊತ್ತು, ವಾಹನದ ನಂಬರ್, ಮಧ್ಯವರ್ತಿ ಕೇಳಿದ ಹಣ ಇರಲಿ. ಗರ್ಭಿಣಿಯ ಹೆಸರು ಊರಲ್ಲಿ ಹರಡಬೇಡಿ. ಗಂಡನೋ ಅವನ ಕಡೆಯವರೋ ಅವಳನ್ನು ಬಲವಂತ ಮಾಡಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ, ನೀವೂ ಹಾಗೇ ಭಾವಿಸಿ.

ಬಸುರಿಯರಿಗೆ ತಾಯಿ ಕಾರ್ಡ್ ಮಾಡಿಸುವುದು, ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೆಸರು ಸೇರಿಸುವುದು, ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ 5000, ಎರಡನೆಯದು ಹೆಣ್ಣಾದರೆ ಸಿಗುವ 6000 ರೂಪಾಯಿಗೆ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಿಸುವುದು, ಇದಕ್ಕೆಲ್ಲ ಆಶಾ ಕಾರ್ಯಕರ್ತೆಯ ಜೊತೆ ಓಡಾಡುವ ಒಬ್ಬರು ಸಾಕು. ಮಗುವನ್ನು ಸಾಕಲಾರೆ ಎನ್ನುವ ತಾಯಿಯನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಕರೆದೊಯ್ಯಿರಿ, ದಾರಿ ತಿಳಿಯದಿದ್ದರೆ 1098ಕ್ಕೆ ಫೋನ್ ಮಾಡಿ. ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳ ಅವಕಾಶವಿದೆ. ಆ ಮಾತನ್ನು ಮೊದಲ ಭೇಟಿಯಲ್ಲೇ ಹೇಳಿ, ಸಹಿ ಹಾಕುವ ದಿನ ಇನ್ನೊಮ್ಮೆ ಹೇಳಿ, ಎರಡು ತಿಂಗಳು ಮುಗಿಯುವ ವಾರ ಅವಳಿಗೆ ಒಂದು ಫೋನ್ ಮಾಡಿ.